ಬಿಲ್ವಪತ್ರೆಯಿಂದ ತೆರೆದ ಡಿಸ್ಕ್

ಆ ಸೋಮವಾರ ನನ್ನ ಹೆಂಡತಿ ಮಹಾದೇವಿ ಎಂದಿನಂತೆ ಮಿರಜದಿಂದ ಸಾಂಗ್ಲಿಗೆ ಬಸ್ಸು ಹಿಡಿದು ಹೋದಳು. ಅಲ್ಲಿನ ಒಂದು ಅರಿಶಿಣ ಪೇಢಿಯ, ಅಂದರೆ ಸಗಟು ವ್ಯಾಪಾರದ ಮಂಡಿಯ, ಕಚೇರಿಯಲ್ಲಿ ಆಕೆ ಬಿಲ್ಲು ಮಾಡುವ ಕೆಲಸದಲ್ಲಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಪಲ್ಯ ಬಿಸಿ ಮಾಡ್ಕೊಂಡು ಉಣ್ರಿ. ತಣ್ಣಂದು ತಿಂದು ಹೊಟ್ಟಿ ಹಿಡಕೊಂಡು ಕೂಡಬ್ಯಾಡ್ರಿ" ಎಂದಳು.

ಮಧ್ಯಾಹ್ನ ಫೋನು ಮಾಡಿದಳು. ನಮ್ಮ ಮಗಳು ಸುವರ್ಣಾ ಆಗ ತುಂಬು ಬಸುರಿ. ಕೂಸಿಗೆ ಹೆಸರಿಡುವ ದಿನ ಹಾಡುವ ತೊಟ್ಟಿಲ ಹಾಡನ್ನು ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದಳು. ಆಕೆಯ ಫೋನಿನಲ್ಲಿ ಜಾಗ ಉಳಿದಿರಲಿಲ್ಲ. "ಆವತ್ತು ನನ್ನ ಗಂಟಲ ಕೈಕೊಟ್ಟರ ಇರ್ಲಿ ಅಂತ ಹಾಡಿಟ್ಟೇನ್ರಿ" ಎಂದು ನಕ್ಕಳು.

ಮರುದಿನ ಬೆಳಗ್ಗೆ ದೇವರ ಜಗಲಿಯ ಮುಂದೆ ಕುಸಿದಳು. ರಿಕ್ಷಾದಲ್ಲಿ ಮಿರಜದ ಆಸ್ಪತ್ರೆಗೆ ಒಯ್ದೆವು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ಆಕೆ ಮತ್ತೆ ಕಣ್ಣು ತೆರೆಯಲಿಲ್ಲ.

ಸುವರ್ಣಾಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಒಂದೇ ಮಾತು ಹಿಡಿದಳು: "ಅಪ್ಪಾ, ಅವ್ವನ ಹಾಡ ತಂದು ಕೊಡು. ಅದಿಲ್ಲದ ನಾ ತೊಟ್ಟಿಲಾ ತೂಗೂದಿಲ್ಲ."

ಪೇಢಿಯ ಮಾಲೀಕರು ಒಳ್ಳೆಯವರು, ಹಾಡನ್ನು ತೆಗೆದುಕೊಡಲು ಕೂಡಲೇ ಒಪ್ಪಿದರು. ಆದರೆ ಕಂಪ್ಯೂಟರ್ ತೆರೆಯಲಿಲ್ಲ. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜಾಧವ್ ನನಗೆ ಬಿಡಿಸಿ ಹೇಳಿದರು. ಕಳುವಾದರೂ ಪರರು ಓದಬಾರದೆಂದು ಇಡೀ ಡಿಸ್ಕನ್ನು ಗುಪ್ತಲಿಪಿಗೆ ತಿರುಗಿಸಿಡುತ್ತಾರೆ. ಶುರು ಮಾಡುವಾಗ ಅವರವರ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಅದು ತೆರೆಯುತ್ತದೆ. ಮರೆತವರಿಗಾಗಿ ಒಂದು ರಿಕವರಿ ಕೀ ಮುಖ್ಯ ಕಚೇರಿಯಲ್ಲಿರುತ್ತದೆ. ಅಲ್ಲಿ ವಿಚಾರಿಸಿದರೆ ಸಿಕ್ಕಿದ್ದು ಹಳೆಯ ಡಿಸ್ಕಿನ ಕೀ. ನಡುವೆ ಡಿಸ್ಕ್ ಬದಲಾಗಿತ್ತು, ಹೊಸದರ ಕೀಯನ್ನು ಯಾರೂ ಉಳಿಸಿರಲಿಲ್ಲ.

"ಕಾಕಾ, ಡಿಸ್ಕ್ ಕೆಟ್ಟಿಲ್ಲ. ಹಾಡು ಒಳಗ ಐತಿ" ಎಂದರು ಜಾಧವ್, ಮರಾಠಿ ಬೆರೆಸಿದ ಕನ್ನಡದಲ್ಲಿ. "ಆದ್ರ ಬಿಚ್ಚಿ ಬ್ಯಾರೆ ಮಷೀನಿಗೆ ಹಾಕಿದ್ರೂ ಬರೇ ಕಸಾ ಕಾಣ್ತೈತಿ. ಸೋಮವಾರ ಸಂಜಿಗೆ ಪುಸಿ ಮಾಡಿ ಹೊಸಬರಿಗೆ ಕೊಡಬೇಕಾಗೇತಿ."

ಪುಸಿ ಎಂದರೆ ಒರೆಸಿಬಿಡುವುದು. ಆ ಮಾತು ಕೇಳಿ ನನಗೆ ಆಕೆ ಎರಡನೆಯ ಸಲ ಹೋದಂತಾಯಿತು.

ಸೋಮವಾರ ಬೆಳಗ್ಗೆ ಮಲ್ಲಯ್ಯನ ಗುಡಿಗೆ ಹೋದೆ. ಬಿಲ್ವಪತ್ರೆ ಏರಿಸಿ, "ತಂದೆ, ಆಕೆಯನ್ನು ತಿರುಗಿ ಕೊಡು ಎನ್ನುವುದಿಲ್ಲ. ದನಿಯೊಂದನ್ನು ಕೊಡು" ಎಂದು ಬೇಡಿದೆ. ಪೂಜಾರಿ ಕೊಟ್ಟ ಒಂದು ದಳವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸಾಂಗ್ಲಿಗೆ ಹೊರಟೆ. ಒರೆಸುವ ಮುನ್ನ ಆಕೆಯ ಮೇಜಿನ ಬಳಿ ಒಂದು ಗಳಿಗೆ ಕುಳಿತು ಬರೋಣವೆಂದಷ್ಟೇ ಇತ್ತು.

ಪಕ್ಕದ ಮೇಜಿನ ವಂದನಾ ಚಹಾ ತಂದುಕೊಟ್ಟಳು. ಆಕೆಗೆ ಕನ್ನಡ ತಿಳಿಯುತ್ತದೆ, ಆಡಲು ಅಷ್ಟು ಬರುವುದಿಲ್ಲ. ನನ್ನ ಜೇಬಿನಲ್ಲಿ ಇಣುಕುತ್ತಿದ್ದ ಎಲೆಯನ್ನು ನೋಡಿ ಹಾಗೇ ನಿಂತಳು.

"ಕಾಕಾ, ಬೇಲಪತ್ರ! ಮಹಾದೇವಿ ಮಾವಶಿ ಉಖಾಣಾದಾಗ ಇದ ಇತ್ತು. ಕಡಿಕ್ ಪತ್ರ, ಪುತ್ರ ಅಂತ ಬರ್ತಿತ್ತು ನೋಡ್ರಿ."

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು, ಬಲವಂತ ಮಾಡಿದರೆ ಅದನ್ನು ಪ್ರಾಸದಲ್ಲಿ ಸೇರಿಸಿ ಹೇಳುವುದಕ್ಕೆ ನಾವು ಒಡಪು ಎನ್ನುತ್ತೇವೆ, ಮರಾಠಿಯವರು ಉಖಾಣಾ ಎನ್ನುತ್ತಾರೆ. ಆಫೀಸಿನ ಅರಿಶಿಣ ಕುಂಕುಮದ ದಿನ ಮಹಾದೇವಿ ತನ್ನ ಒಡಪು ಹೇಳಿದ್ದಳಂತೆ. ಮತ್ತೊಮ್ಮೆ, ಪಾಸ್‌ವರ್ಡಿಗೆ ಒಂದು ಪದ ಸಾಲದು, ಉದ್ದನೆಯ ವಾಕ್ಯವೇ ಬೇಕು ಎಂದು ಜಾಧವ್ ಹೇಳಿದಾಗ, "ಒಡಪು ಇಟ್ಟರ ನಡೀತೈತೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳಂತೆ.

ಆ ಒಡಪನ್ನು ನಾನು ಕೇಳಿದ್ದು ಒಂದೇ ಸಲ. ಆಕೆ ಮದುಮಗಳಾಗಿ ಬಂದ ದಿನ ನನ್ನ ತಂಗಿ ಹೊಸ್ತಿಲಲ್ಲಿ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ. ಮರೆತಿದ್ದೇನೆ ಎಂದುಕೊಂಡಿದ್ದೆ. ಬಾಯಿ ತೆರೆದರೆ ತಾನಾಗಿ ಬಂತು:

"ಮಲ್ಲಯ್ಯನ ಮುಡಿಗೆ ಬಿಲ್ವದ ಪತ್ರ, ನನ್ನ ಮನಿ ದೀಪ ಶಿವಪುತ್ರ."

ಜಾಧವ್ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರು. ತೆರೆಯಲಿಲ್ಲ. ಮತ್ತೆ ಒತ್ತಿದರು. ಇಲ್ಲ. "ಇನ್ನ ತಪ್ಪಿದ್ರ ಮಷೀನ್ ತಾನ ಬಂದ್ ಆಗ್ತೈತಿ ಕಾಕಾ" ಎಂದು ಕೈ ಹಿಂದೆಗೆದರು.

ಅವರು ನನ್ನ ಹೆಸರನ್ನು ತುಟಿಯಲ್ಲೇ ಓದಿಕೊಂಡದ್ದು ನನಗೆ ಕೇಳಿಸಿತು. ಮರಾಠಿಯವರ ಬಾಯಲ್ಲಿ ನಾನು ಶಿವ್‌ಪುತ್ರ. ನನ್ನ ಆಧಾರ್ ಕಾರ್ಡಿನಲ್ಲೂ ಹಾಗೇ ಇದೆ.

"ಆಕಿ ಕನ್ನಡದಾಕಿರಿ" ಎಂದೆ. "ಶಿವ ಅಂತ ಪೂರ್ತಿ ಬರೀರಿ. ವಿ ಮುಂದ ಒಂದು ಎ ಹಾಕ್ರಿ."

"ಜಾಧವ್ ದಾದಾ, ಕಾಕಾನ ಹೆಸರ ಅರ್ಧಾ ನುಂಗಿದ್ರಿ ಬಿಡ್ರಿ!" ಎಂದಳು ವಂದನಾ, ಕಣ್ಣೊರೆಸಿಕೊಳ್ಳುತ್ತ.

ಆ ಒಂದು ಅಕ್ಷರ ಬಿದ್ದೊಡನೆ ಪರದೆ ಬೆಳಗಿತು.

ಭಕ್ತ ಬಂಧುಗಳೇ, ಜೇಬಿನ ಎಲೆಯನ್ನು ತೆಗೆದು ಕಣ್ಣಿಗೊತ್ತಿಕೊಂಡೆ. ಯಾವ ಬೀಗ ತೆರೆಯೆಂದು ಮಲ್ಲಯ್ಯನನ್ನು ಬೇಡಿದ್ದೆನೋ ಅದರ ಕೀಲಿಯ ಮೊದಲ ಪದವೇ ಅವನ ಹೆಸರು. ಎಲೆಯನ್ನು ಅವನೇ ನನ್ನ ಜೇಬಿಗೆ ಹಾಕಿ ಕಳಿಸಿದ್ದ. ಎಂದೂ ನನ್ನನ್ನು ಹೆಸರು ಹಿಡಿದು ಕರೆಯದ ಮಹಾದೇವಿ ದಿನವೂ ಕೆಲಸ ಶುರು ಮಾಡುವಾಗ ಮೊದಲು ಅವನ ಹೆಸರನ್ನು, ಆಮೇಲೆ ನನ್ನದನ್ನು ಬೆರಳಿನಿಂದ ಹೇಳುತ್ತಿದ್ದಳು.

ಜಾಧವ್ ಹಾಡನ್ನು ನನ್ನ ಫೋನಿಗೆ ಹಾಕಿಕೊಟ್ಟರು. ಆ ದಿನವೇ ಎಲ್ಲ ಕಂಪ್ಯೂಟರುಗಳ ಹೊಸ ರಿಕವರಿ ಕೀಗಳನ್ನು ಮುಖ್ಯ ಕಚೇರಿಗೆ ಕಳಿಸಿದರು. ಹೆಸರಿಡುವ ದಿನ ಮಿರಜದ ನಮ್ಮ ಮನೆಯಲ್ಲಿ ಮಹಾದೇವಿಯ ದನಿಗೆ ಸುವರ್ಣಾ ತೊಟ್ಟಿಲು ತೂಗಿದಳು. ಮೊಮ್ಮಗಳಿಗೆ ಬಿಲ್ವಾ ಎಂದು ಹೆಸರಿಟ್ಟೆವು. ಮಲ್ಲಯ್ಯ ಕೈಬಿಡುವುದಿಲ್ಲ ಎಂದು ಹಿಂದೆ ಕೇಳಿ ನಂಬಿದ್ದೆ, ಈಗ ಕಂಡು ನಂಬಿದ್ದೇನೆ. ಅವನ ಪಾದಕ್ಕೆ ನನ್ನ ಶರಣು.

ಆ ಹಾಡಿನಲ್ಲಿ ಕೂಸಿನ ಹೆಸರು ಬರುವ ಕಡೆ ಮಹಾದೇವಿ ಸುಮ್ಮನಾಗಿ, ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಸಾಲಿಗೆ ಹೋಗಿದ್ದಾಳೆ. ಅಲ್ಲಿ ನಾವು ಹೆಸರು ಹೇಳಿದೆವು. ಆಕೆಯ ದನಿಯಲ್ಲಿ ಆ ಹೆಸರು ಇಲ್ಲ.