ಮುಲುಂಡಿಗೆ ಬಂದ ಜಪಾನಿ ಮಾತು

ಹಳದಿ ಕೂದಲಿನ ಅಮೆರಿಕದ ಹುಡುಗಿಯೊಬ್ಬಳು ಮುಲುಂಡಿನ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು, ಸೊಂಟ ಬಗ್ಗಿಸಿ, ನನಗೆ ಜಪಾನಿ ಭಾಷೆಯಲ್ಲಿ ನಮಸ್ಕಾರ ಹೇಳಿದಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷೇ ಬಾರದು, ಇನ್ನು ಜಪಾನಿ! ಕೈಯಲ್ಲಿದ್ದ ಸೊಪ್ಪಿನ ಕಟ್ಟಿನ ಸಮೇತ ನಾನೂ ಬಗ್ಗಿದೆ.

ಹೆಲೆನ್ ಅಂತ ಹೆಸರು. ಅಳಿಯನ ಕಂಪನಿಗೆ ಕೆಲಸದ ಮೇಲೆ ಬಂದಿದ್ದವರ ಮಗಳು, ಮನೆಯೂಟದ ಆಸೆಗೆ ಒಂದು ತಿಂಗಳು ನಮ್ಮಲ್ಲೇ ಉಳಿದಳು. ಜಪಾನನ್ನು ಕಣ್ಣಲ್ಲಿ ಕಂಡವಳಲ್ಲ. ಅಲ್ಲಿಯ ಕಾರ್ಟೂನು ನೋಡಿ ನೋಡಿ ಮರುಳಾದವಳು. ಅಂಥವರು ತಮ್ಮನ್ನು ‘ಒತಾಕು’ ಎಂದು ಕರೆದುಕೊಳ್ಳುತ್ತಾರಂತೆ. ಜಪಾನಿನಲ್ಲಿ ಅದು ಮೂದಲಿಕೆಯ ಮಾತಂತೆ, ಇವಳು ಬಿರುದಿನ ಹಾಗೆ ಹೇಳಿಕೊಳ್ಳುವಳು. ಮುದ್ದಾಗಿ ಕಂಡದ್ದೆಲ್ಲ ‘ಕವಾಯಿ’. ಬೆಕ್ಕಿನ ಮರಿ ಕವಾಯಿ, ನಾನು ತಟ್ಟಿದ ನಿಪ್ಪಟ್ಟೂ ಕವಾಯಿ.

ಆಗ ನಾನು ಮಗಳ ಮನೆ ಬಿಟ್ಟು ಊರಿಗೆ ಹೊರಟುಬಿಡುವ ಮನಸ್ಸು ಮಾಡಿದ್ದೆ. ನಮ್ಮ ಮೈಸೂರಿನಲ್ಲಿ ಬಾಗಿಲಲ್ಲಿ ಕೂತರೆ ಬೀದಿಯೇ ಮಾತಾಡಿಸುತ್ತದೆ. ಇಲ್ಲಿ ಬಿಲ್ಡಿಂಗಿನ ಪ್ರತಿ ಬಾಗಿಲಿಗೂ ಚಿಲಕ. ಅದನ್ನಾದರೂ ತಡೆದುಕೊಳ್ಳಬಹುದು. ಹನ್ನೊಂದು ವರ್ಷದ ಮೊಮ್ಮಗಳು ಅಶ್ವಿನಿ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಸಲೀಸಾಗಿ ಬಾರದು. ಶಾಲೆಗೆ ಹೊರಟಾಗ ‘ಬಾಯ್’ ಎಂದು ಮೆಟ್ಟಿಲಿಳಿಯುವಳು.

“ಹೋಗಿ ಬರ್ತೀನಿ ಅನ್ನೇ ಪುಟ್ಟಿ” ಎಂದು ನಾನು ಕೂಗಿದರೆ, “ಅಜ್ಜಿ, ಪ್ಲೀಸ್! ಫ್ರೆಂಡ್ಸ್ ನಗ್ತಾರೆ ನಾ!”

ಮಗಳು ಸುಮಾಗೆ ಹೇಳಿಯೇಬಿಟ್ಟೆ. “ದಾದರ್ ಸ್ಟೇಷನ್ನಿಂದ ಮೈಸೂರು ರೈಲಿಗೆ ಟಿಕೆಟ್ ತೆಗೆಸಮ್ಮ. ಮಗು ಮಾತಾಡದ ಮನೇಲಿ ನಾನೇನ್ ಮಾಡ್ಲಿ?”

ಹೆಲೆನ್ ತಂದ ವಿಡಿಯೋ ಕ್ಯಾಸೆಟ್ ನೋಡಲು ಸಂಜೆ ಬಿಲ್ಡಿಂಗಿನ ಮಕ್ಕಳೆಲ್ಲ ನಮ್ಮ ಮನೆಯಲ್ಲಿ. ಚಿತ್ರದ ಅಡಿಯಲ್ಲಿ ಇಂಗ್ಲಿಷ್ ಸಾಲು. ಅವಳ ಗೆಳೆಯರೇ ಕೂತು ಸೇರಿಸಿದ್ದಂತೆ. ಅದರಲ್ಲೊಬ್ಬ ಹುಡುಗಿ ಬೂಟು ಹಾಕಿಕೊಂಡು, ಒಳಗಿದ್ದ ತಾಯಿಗೆ ಏನೋ ಕೂಗಿ ಹೇಳಿ ಓಡುತ್ತಾಳೆ. ಮರುದಿನ ಬೆಳಿಗ್ಗೆ ಹೆಲೆನ್ ನಮ್ಮ ಬಾಗಿಲಲ್ಲಿ ಅದನ್ನೇ ಕೂಗಿದಳು. “ಇತ್ತೆಕಿಮಾಸ್!” ಹಿಂದೆಯೇ ಅಶ್ವಿನಿ, ಅವಳ ಹಿಂದೆ ಮೆಟ್ಟಿಲ ಮೇಲಿದ್ದ ಗೆಳತಿಯರು. ಯಾರೂ ನಗಲಿಲ್ಲ.

“ನಿಲ್ಲೇ! ಹಾಗಂದ್ರೇನು?” ಅಂದೆ.

ಅಶ್ವಿನಿ ಮಾತಿಗಾಗಿ ತಡಕಾಡಿದಳು. “ಅದು... ಹೋಗಿ... ಫಿರ್... ವಾಪಸ್...” ತಟ್ಟನೆ ನಿಂತಳು. ಕಣ್ಣು ಅರಳಿತು. “ಅರೇ ಅಜ್ಜಿ! ಹೋಗಿ ಬರ್ತೀನಿ! ನೀನು ಹೇಳೋದೇ! ಸೇಮ್ ಟು ಸೇಮ್!”

“ಪಕ್ಕದ್ಮನೆ ಮರಾಠಿ ಕಾಕು ಹೊರಡೋವಾಗ ‘ಯೇತೆ’, ಬರ್ತೀನಿ, ಅನ್ನಲ್ವೇನೇ ಬಂಗಾರ? ಅದೂ ಇದೇ!” ಅಂದೆ.

ವಿಷಯ ತಿಳಿದ ಹೆಲೆನ್ ಬೂಟು ಬಿಚ್ಚಿ ಒಳಗೆ ಬಂದು ಕೂತೇಬಿಟ್ಟಳು. ಅವಳಿಗೆ ನೂರು ಪ್ರಶ್ನೆ, ಎಲ್ಲವೂ ನನ್ನ ಮೊಮ್ಮಗಳ ಬಾಯಿಂದಲೇ ನನಗೆ ತಲುಪಬೇಕು.

“ಅಜ್ಜಿ, ಹೆಲೆನ್... ಕೇಳ್ತಾಳೆ, ಬರೀ ‘ಹೋಗ್ತೀನಿ’ ಅಂದ್ರೆ... ಕ್ಯಾ... ಏನಾಗುತ್ತೆ?”

“ಮನೇಲಿರೋರ ಎದೆ ಝಲ್ ಅನ್ನುತ್ತೆ ಅನ್ನು.”

ಝಲ್ ಎನ್ನುವುದಕ್ಕೆ ಇಂಗ್ಲಿಷ್ ಸಿಗದೆ ಅವಳು ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಆಮೇಲೆ ಶಾಲೆಯ ಚೀಲ ಹೆಗಲಿಗೇರಿಸಿ ನನ್ನತ್ತ ತಿರುಗಿದಳು. “ಹೋಗಿ ಬರ್ತೀನಿ ಅಜ್ಜಿ” ಅಂದಳು, ಗೆಳತಿಯರ ಮುಂದೆಯೇ.

ಟಿಕೆಟ್ ಬೇಡವೆಂದೆ. ಹೆಲೆನ್ ಹೋದಳು, ಮಾತು ಉಳಿಯಿತು. ಸಂಜೆ ಅಶ್ವಿನಿ ನನ್ನ ಪಕ್ಕ ಕೂತು, ಹಿಂದಿ ಬೆರೆಸಿ, ಶಾಲೆಯ ಚಾಡಿಯನ್ನೆಲ್ಲ ಹೇಳುತ್ತಾಳೆ. ಹಿಗ್ಗು ತಡೆಯದೆ ನನ್ನ ಹರಕು ಹಿಂದಿಯಲ್ಲಿ ಹಾಲಿನವನಿಗೂ ಹೇಳಿದೆ, ಮೊಮ್ಮಗಳು ಮಾತಾಡುತ್ತಾಳೆ ಅಂತ. ಇಷ್ಟು ವರ್ಷ ಮೂಗಿಯಾಗಿದ್ದಳೇ ಎಂದು ಪಾಪ, ಅವನು ಮರುಗಿದ.

ಈ ಬೇಸಿಗೆಯಲ್ಲಿ ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದೆ. “ನಮ್ಮಲ್ಲಿ ಆರು ಗಂಟೆಗೆಲ್ಲ ನೀರು ನಿಂತುಹೋಗುತ್ತೆ ಕಣೆ” ಅಂದೆ. “ನಮ್ಮಲ್ಲಿ ಅಂದ್ರೆ ಎಲ್ಲಿ ಅಕ್ಕ?” ಎಂದು ನಕ್ಕಳು. ಇತ್ತ ಮುಲುಂಡಿಗೆ ಬಂದು, ನಮ್ಮಲ್ಲಿ ಮಲ್ಲಿಗೆ ಮೊಳಗಟ್ಟಲೆ ಸಿಗುತ್ತದೆ ಎಂದರೆ ಅಶ್ವಿನಿ ತಿದ್ದುತ್ತಾಳೆ. “ನಮ್ಮಲ್ಲಿ ಅಲ್ಲ ಅಜ್ಜಿ, ನಿಮ್ಮಲ್ಲಿ.”

ಎದೆ ಸ್ವಲ್ಪ ಚುರ್ ಎನ್ನುತ್ತದೆ. ಆದರೂ ನೋಡಿ, ತಿದ್ದುವುದು ಕನ್ನಡದಲ್ಲಿ.