ಸ್ಟೇಷನ್ ಮಾಸ್ಟರರ ವಿಶ್ರಾಂತಿ

ಆ ಶುಕ್ರವಾರ ಸಂಜೆ ರಾಜಾಜಿನಗರದ ನಮ್ಮ ಎದುರುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಭಜನೆಗೆ ಕೂತಿದ್ದರು. ಅಮ್ಮನ ಪಕ್ಕದಲ್ಲಿ ನಾನೂ ಇದ್ದೆ. ಕೈಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತಿದ್ದವರು ಆ ಮನೆಯ ಯಜಮಾನರು. ಸ್ಟೇಷನ್ ಮಾಸ್ಟರಾಗಿದ್ದವರು, ವಯಸ್ಸಿಗೆ ಮೊದಲೇ ಕೆಲಸ ಬಿಟ್ಟು ಮನೆ ಸೇರಿದ್ದರು.

"ಇನ್ಮೇಲೆ ಹಾಯಾಗಿರ್ತೀನಿ" ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು, ಉಳಿದ ಯಾರನ್ನೂ ಹಾಯಾಗಿರಲು ಬಿಡಲಿಲ್ಲ. ಒಗ್ಗರಣೆ ಕೊಂಚ ತಡವಾದರೆ ಅಡುಗೆಮನೆಗೇ ನುಗ್ಗಿ, "ಲೇಟು ಕಣೇ, ಲೇಟು!" ಎನ್ನುವರು. ಹಾಲಿನವನಿಗೂ ಹೂವಿನವಳಿಗೂ ಅದೇ ಮಂತ್ರ. ಕುಕ್ಕರ್ ಸೀಟಿ ಹೊಡೆದಾಗ ಮಾತ್ರ ಅವರ ಮುಖ ಅರಳುತ್ತಿತ್ತು.

ಅವತ್ತು ಹಾಡು ಇನ್ನೂ ಅರ್ಧದಲ್ಲಿತ್ತು. ಯಜಮಾನರು ಸರಸರನೆ ಒಳಗೆ ಬಂದು, ಮಂಗಳಾರತಿ ಹಚ್ಚಿ, ಗಂಟೆ ಬಾರಿಸಿಯೇಬಿಟ್ಟರು.

"ಲೇಟಾಯ್ತು, ಏಳಿ, ಏಳಿ!"

"ರೈಲಿಗೆ ತೋರಿಸಿದ್ದು ಸಾಲ್ದು ಅಂತ ಈಗ ದೇವ್ರಿಗೂ ಹಸಿರು ಬಾವುಟ ತೋರಿಸ್ತೀರೇನ್ರೀ?" ಎಂದರು ಅಮ್ಮ.

ಎಲ್ಲರೂ ನಕ್ಕರು. ಯಜಮಾನರ ಹೆಂಡತಿ ನಗಲಿಲ್ಲ. ತಾಂಬೂಲ ಕೊಡುವಾಗ ಅಮ್ಮನ ಕೈ ಹಿಡಿದುಕೊಂಡು, "ಅಕ್ಕಾ, ಇವರು ಡ್ಯೂಟಿಗೆ ಹೋಗ್ತಿದ್ದಾಗ ಹಗಲಾದ್ರೂ ನಂದಾಗಿತ್ತು. ಈಗ ಅದೂ ಹೋಯ್ತು. ಏನಾದ್ರೂ ದಾರಿ ತೋರಿಸಿ" ಎಂದರು.

ಬೀದಿ ಕೊನೆಯ ಶಿಶುವಿಹಾರಕ್ಕೆ ಟೀಚರೊಬ್ಬರು ಬೇಕಾಗಿರುವುದು ಅಮ್ಮನಿಗೆ ಗೊತ್ತಿತ್ತು. ಅಮ್ಮ ಹೇಳಿದಂತೆ ಮುಂದಿನ ತಿಂಗಳು ಯಜಮಾನರ ಹೆಂಡತಿ ಅಲ್ಲಿ ಕೆಲಸಕ್ಕೆ ಸೇರಿದರು. ದಿನಾ ಬೆಳಿಗ್ಗೆ ಹೆಂಡತಿಯ ಊಟದ ಡಬ್ಬಿ ಕಟ್ಟುವ ಕೆಲಸ ಯಜಮಾನರದಾಯಿತು.