ಮನೆಗೆ ಬಂದು ಹೇಳುತ್ತಿದ್ದ ಮಾಸ್ಟರ್

ಹೋದ ವಾರ ನಮ್ಮ ತಮಿಳು ಸೀಮೆಯ ಕಾಂಗೇಯಂನಲ್ಲಿ ಒಂದು ಎಣ್ಣೆ ಮಿಲ್ಲಿನ ಎದುರು ಬಸ್ಸು ಕೆಟ್ಟು ನಿಂತಿತು. ಕಿಟಕಿಯಿಂದ ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಮೂವತ್ತು ವರ್ಷದ ಹಿಂದೆ ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ಇದೇ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ, ಉಳುಕಿದ ನಮ್ಮ ಪಾದಗಳಿಗೆ ತಾವೇ ತಿಕ್ಕುತ್ತಿದ್ದರು. ನಾವೆಲ್ಲ ಅವರನ್ನು ಮಾಸ್ಟರ್ ಎನ್ನುತ್ತಿದ್ದೆವು...

ಮೈದಾನದಲ್ಲಿ ಅವರ ತಮಿಳು ಬೈಗುಳ ರಸ್ತೆಯಾಚೆಗೂ ಕೇಳುತ್ತಿತ್ತು. ಆದರೆ ಅವರದೊಂದು ಪದ್ಧತಿಯಿತ್ತು. ಆಡುವ ಹನ್ನೊಂದು ಜನರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುವ ಹಿಂದಿನ ಸಾಯಂಕಾಲ, ಕೈಬಿಟ್ಟ ಹುಡುಗರ ಮನೆಗೆ ಮೊಪೆಡ್ಡಿನಲ್ಲಿ ಹೋಗಿ ತಾವೇ ಹೇಳಿಬರುತ್ತಿದ್ದರು.

ಪೆರಿಯನಾಯಕನಪಾಳ್ಯದ ನಮ್ಮ ಮನೆಗೂ ಒಮ್ಮೆ ಬಂದರು. ಅವರದೂ ನಮ್ಮಂತೆ ಕನ್ನಡ ಮನೆಮಾತಿನ ನೇಯುವ ಮನೆತನ, ಅಮ್ಮನ ಹತ್ತಿರ ಕನ್ನಡದಲ್ಲೇ ಮಾತು.

"ಅಕ್ಕಾ, ನಾಳೆ ನಿಮ್ಮ ಹುಡುಗನ್ನ ಇಳಿಸ್ತಾ ಇಲ್ಲ. ಎಡಗಾಲು ಇನ್ನೂ ಪಳಗಿಲ್ಲ. ಕೋಪಗೀಪ ಏನೂ ಇಲ್ಲ."

"ಇದಕ್ಕೆ ಇಷ್ಟು ದೂರ ಬರಬೇಕಾ ಮಾಸ್ಟರೇ?"

"ಬೋರ್ಡು ನೋಡಿ ತಿಳ್ಕೊಂಡ್ರೆ ಮನಸ್ಸು ಒಡೆದೋಗುತ್ತೆ ಅಕ್ಕಾ."

ನಾನು ಮಗ್ಗದ ಹಿಂದೆ ಅಳುತ್ತಾ ಕೂತಿದ್ದೆ. ಕಾಫಿ ಕುಡಿದು, ಹೋಗುವಾಗ ನನ್ನ ತಲೆಗೊಂದು ಮೊಟಕಿ ಹೋದರು.

ಮುಂದೆ ಅದೇ ಕಾಲೇಜಿನಲ್ಲಿ ನಾನು ಮೇಷ್ಟ್ರಾದೆ. ಶಿಫಾರಸು ಮಾಡಿದವರೂ ಅವರೇ. ಹತ್ತು ವರ್ಷದ ಹಿಂದೆ ಆಡಳಿತದವರು ಫುಟ್‌ಬಾಲ್ ತಂಡವನ್ನು ನಿಲ್ಲಿಸಿ ಮಾಸ್ಟರನ್ನು ಬಿಡಿಸಲು ತೀರ್ಮಾನಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ದುಡಿಮೆ! ಆ ಸಭೆಯಲ್ಲಿ ನಾನೂ ಇದ್ದೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ. "ನೀವು ಅವರ ಶಿಷ್ಯ, ಇವತ್ತೇ ಹೋಗಿ ಹೇಳಿಬಿಡಿ," ಎಂದರು ಪ್ರಿನ್ಸಿಪಾಲರು. ಹೂಂ ಎಂದು ತಲೆಯಾಡಿಸಿದೆ. ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ಟರ್ ಬೋರ್ಡಿನ ಮುಂದೆ ಕನ್ನಡಕ ಏರಿಸಿಕೊಂಡು ಆ ನೋಟಿಸು ಓದುತ್ತಿದ್ದರು. ನನ್ನನ್ನು ಕಂಡರು. "ಕ್ಲಾಸಿಗೆ ಹೊತ್ತಾಯ್ತು, ಹೋಗಪ್ಪ," ಎಂದರು, ಅಷ್ಟೇ. ಹತ್ತಿದ ಏಣಿ ಒದ್ದವನು ಎಂದು ಉಗಿದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಅವರು ಎದುರಿಗೆ ಬಂದರೆ ನಾನೇ ರಸ್ತೆ ದಾಟುತ್ತಿದ್ದೆ... ಥೂ, ನನ್ನ ಜನ್ಮಕ್ಕೆ.

ಮಾಸ್ಟರ್ ತೀರಿಕೊಂಡು ವರ್ಷವಾಯಿತು. ಸಾವಿಗೂ ಹೋಗಲು ನನಗೆ ಮುಖವಿರಲಿಲ್ಲ. ಕಾಂಗೇಯಂನಿಂದ ಬಂದ ಮೇಲೆ ತಡೆಯಲಾಗದೆ, ಮೊನ್ನೆ ಭಾನುವಾರ ಉಕ್ಕಡಂ ಹತ್ತಿರದ ಅವರ ಮನೆಗೆ ಹೋದೆ. ಅವರ ಹೆಂಡತಿಗೆ ಎಲ್ಲ ಹೇಳಿ, ತಪ್ಪಾಯಿತು ಎಂದೆ.

"ಅವರಿಗೆ ಅವತ್ತು ಮಧ್ಯಾಹ್ನವೇ ತಿಳಿದೋಗಿತ್ತು ಸಾಮಿ," ಎಂದರು ಆಕೆ. "ಆಫೀಸಿನವರು ಯಾರೋ ಫೋನ್ ಮಾಡಿದ್ರು. 'ಹುಡುಗ ಹೇಳಕ್ಕೆ ಬರ್ತಾನೆ, ಪಾಪ, ಅವನಿಗೆ ಬಾಯಿ ಬರಲ್ಲ. ಗೊತ್ತಿಲ್ಲದಂಗೇ ಇರು, ಕಾಫಿಗೆ ಹಾಲು ತೆಗೆದಿಡು' ಅಂತ ಇವರು ನನಗಂದ್ರು. ಕತ್ತಲಾಗೋ ತನಕ ಬಾಗಿಲ ಮುಂದಿನ ತಿಣ್ಣೆ ಬಿಟ್ಟು ಏಳಲಿಲ್ಲ."

ನನಗೇನು ಅಡ್ಡಿಯಾಗಿತ್ತು ಎಂದು ಆಕೆ ಕೇಳಲಿಲ್ಲ. ಆ ಸಾಯಂಕಾಲ ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ.